ಕಾಯಿ ಪ್ರಹ್ಲಾದಯ್ಯನವರ ಮೂರು ತಿಂಗಳ ವಾರಂಟಿ

ಮೊಬೈಲು ಕೆಟ್ಟಿದೆ ಎಂದು ಪ್ರಹ್ಲಾದಯ್ಯನವರಿಗೆ ಗೊತ್ತಾದದ್ದು ಅವರ ಷಡ್ಡಕನ ಬಾಯಿಂದ. ಅದೂ ಷಡ್ಡಕನಿಗೇ ತಿಳಿಯದ ಹಾಗೆ.

ಬೆಳಿಗ್ಗೆ ಎಂಟು ಗಂಟೆ. ಸ್ನಾನ, ಸಂಧ್ಯಾವಂದನೆ ಮುಗಿಸಿ ಜಗುಲಿಯ ಮೇಲೆ ಕಾಫಿ ಕುಡಿಯುತ್ತ ಕೂತಿದ್ದರು. ಮೊಬೈಲು ಬಡಿದುಕೊಂಡಿತು. ಲೋಟ ಕೆಳಗಿಟ್ಟು, ಹೆಗಲ ಮೇಲಿನ ಟವಲು ಸರಿಮಾಡಿಕೊಂಡು, "ಹಲೋ, ಪ್ರಹ್ಲಾದಯ್ಯ ಮಾತಾಡ್ತಿರೋದು" ಎಂದರು. ಮೊಬೈಲಿನಲ್ಲಿ ಟವಲು ಕಾಣುವುದಿಲ್ಲವೆಂಬುದು ಅವರಿಗೆ ಇನ್ನೂ ಅಭ್ಯಾಸವಾಗಿರಲಿಲ್ಲ.

"ಹಲೋ... ಹಲೋ... ಭಾವ?" ಶ್ರೀನಿವಾಸಪುರದ ಷಡ್ಡಕನ ದನಿ.

"ಹೇಳಪ್ಪ, ಕೇಳಿಸ್ತಿದೆ."

"ಹಲೋ? ಏನೂ ಕೇಳಿಸ್ತಿಲ್ಲ ಕಣೇ ವಿಭಾ" ಎಂದು ಷಡ್ಡಕ ಅತ್ತ ಹೆಂಡತಿಗೆ ಹೇಳಿದ. "ನಿಮ್ಮ ಭಾವನ ಫೋನೂ ಅವರ ಬೋರ್ ಪಾಯಿಂಟ್ ಥರಾನೇ. ಎಷ್ಟು ಕೊರೆದ್ರೂ ಆ ಕಡೆಯಿಂದ ಏನೂ ಬರಲ್ಲ."

ಹಿಂದೆಯೇ ಒಂದು ಹೆಣ್ಣು ನಗು. ಫೋನು ಕಟ್ಟಾಯಿತು. ಪ್ರಹ್ಲಾದಯ್ಯನವರ ಬಾಯಿ ತೆರೆದದ್ದು ತೆರೆದಂತೆಯೇ ಇತ್ತು. ಒಳಗಿನಿಂದ ಹೆಂಡತಿ ವೆಂಕಟಲಕ್ಷ್ಮಿ ಸೌಟು ಹಿಡಿದುಕೊಂಡು ಬಂದರು.

"ನಮ್ಮ ವಿಭಾ ನಕ್ಕಿದ್ದಲ್ವೇನ್ರೀ ಅದು?"

ಆ ಮೊಬೈಲಿನ ಗುಣವೇ ಹಾಗೆ. ದನಿ ತಗ್ಗಿಸುವ ಗುಂಡಿ ಕೆಲಸ ಮಾಡುತ್ತಿರಲಿಲ್ಲ. ಅದರಲ್ಲಿ ಬಂದ ಮಾತು ಕಿವಿಗೆ ಮಾತ್ರ ಬರದೆ ಅಡುಗೆಮನೆಗೂ ಹೋಗುತ್ತಿತ್ತು.

ಇಲ್ಲಿ ಸ್ವಲ್ಪ ಹಿಂದಿನದನ್ನು ಹೇಳಬೇಕು. ಮುಳಬಾಗಿಲು ತಾಲ್ಲೂಕಿನಲ್ಲಿ ಬರೀ ಪ್ರಹ್ಲಾದಯ್ಯ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ, ಕಾಯಿ ಪ್ರಹ್ಲಾದಯ್ಯ ಎನ್ನಬೇಕು. ಬೋರ್‌ವೆಲ್ ಎಲ್ಲಿ ಕೊರೆಯಬೇಕೆಂದು ತೆಂಗಿನಕಾಯಿ ಹಿಡಿದು ತೋರಿಸುವುದು ಅವರ ಕಸುಬು. ಜುಟ್ಟಿರುವ ಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು, ಕಣ್ಣು ಅರ್ಧ ಮುಚ್ಚಿ, ಬಾಯಲ್ಲಿ ಮಂತ್ರ ಹೇಳುತ್ತ ಹೊಲದಲ್ಲಿ ನಡೆಯುತ್ತಾರೆ. ಒಂದು ಕಡೆ ಕಾಯಿ ಅಂಗೈ ಮೇಲೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಅಲ್ಲಿ ಒಂದು ಕಲ್ಲು ಇಟ್ಟು ಕುಂಕುಮ ಹಚ್ಚುತ್ತಾರೆ. ಅದೇ ಪಾಯಿಂಟು. ಹಾಗೆ ಕಾಯಿ ನಿಂತ ಕಡೆಯೆಲ್ಲ ನೀರು ಬಂದಿತ್ತೇ ಎಂದು ಕೇಳುವುದು ಮರ್ಯಾದೆಯಲ್ಲ. ಬಂದ ಕಡೆ ಸ್ವಾಮಿಗಳ ಕೈಗುಣ, ಬಾರದ ಕಡೆ ಜಮೀನಿನವನ ಹಣೆಬರಹ. ಈ ಭಾಗ ಮಾಡಿಕೊಟ್ಟವರೂ ಪ್ರಹ್ಲಾದಯ್ಯನವರೇ.

ಆಗ ಎರಡು ಸಾವಿರದ ಐದನೇ ಇಸವಿ. ಒಳಗೆ ಬರುವ ಕರೆಗೆ ಕಾಸಿಲ್ಲ ಎಂದಾದ ಮೇಲೆ ಊರಿನವರೆಲ್ಲರ ಸೊಂಟಕ್ಕೂ ಮೊಬೈಲು ಬಂದಿತ್ತು. ಪ್ರಹ್ಲಾದಯ್ಯನವರೂ ಒಂದು ತಿಂಗಳ ಹಿಂದೆ ಹಳೇ ಬಸ್ ನಿಲ್ದಾಣದ ಹತ್ತಿರದ ಜಾನ್ ಪಾಷಾನ ಅಂಗಡಿಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಸೆಟ್ಟು ಕೊಂಡಿದ್ದರು. ಜಾನ್ ಪಾಷಾ ಅಪ್ಪನ ಕಾಲದ ವಾಚ್ ರಿಪೇರಿ ಅಂಗಡಿಯನ್ನು ಮೊಬೈಲ್ ಅಂಗಡಿ ಮಾಡಿಕೊಂಡಿದ್ದ.

"ಸೆಕೆಂಡ್ ಹ್ಯಾಂಡ್ ಅಂದ್ರೆ ಏನ್ ಸ್ವಾಮಿ? ಮೊದಲನೇ ಕೈಯಲ್ಲಿ ಪರೀಕ್ಷೆ ಪಾಸಾಗಿರೋ ಮಾಲು" ಎಂದಿದ್ದ. "ಮೂರು ತಿಂಗಳು ವಾರಂಟಿ. ಏನೇ ಆದ್ರೂ ತಗೊಂಡ್ ಬನ್ನಿ, ರಿಪೇರಿ ಮಾಡಿ ಕೊಡ್ತೀನಿ. ಆಗಲಿಲ್ಲಾಂದ್ರೆ ಬೇರೆ ಸೆಟ್ಟು ಕೊಡ್ತೀನಿ. ಸೌಂಡ್ ನೋಡಿ ಸೌಂಡು! ದೊಡ್ಡೋರ ಫೋನು ಹಿಂಗೇ ಇರ್ಬೇಕು." ಗುಂಡಿ ಕೆಟ್ಟದ್ದನ್ನು ಹೀಗೆ ಗುಣವೆಂದು ಮಾರಿದ್ದ.

ಕೊಂಡ ಉದ್ದೇಶ ಇವತ್ತು ಈಡೇರಬೇಕಾಗಿತ್ತು. ಮಾಲೂರಿನಾಚೆ ಲಕ್ಕೂರಿನ ಹತ್ತಿರ ಒಂದು ಹೊಸ ಫ್ಯಾಕ್ಟರಿ. ಅದರ ಮ್ಯಾನೇಜರ್ ವಂಶಿಕೃಷ್ಣ ಯಾರಿಂದಲೋ ಇವರ ಹೆಸರು ಕೇಳಿ ಒಂದೇ ಜಾಗದಲ್ಲಿ ಆರು ಪಾಯಿಂಟು ಇಡಬೇಕೆಂದು ಹೇಳಿಕಳಿಸಿದ್ದ. "ಬುಧವಾರ ಹನ್ನೊಂದರಿಂದ ಹನ್ನೆರಡರ ಒಳಗೆ ನಾನೇ ಫೋನ್ ಮಾಡ್ತೀನಿ. ಸಾಹೇಬ್ರು ಎದುರಿಗೇ ಕೂತಿರ್ತಾರೆ. ಅವರ ಮುಂದೆ ಮಾತಾಡಿ ಒಪ್ಪಿಸ್ಬೇಕು. ನೀವು ಸಿಗದಿದ್ರೆ ಬೆಂಗಳೂರಿನ ಭೂವಿಜ್ಞಾನದೋರನ್ನ ಕರೆಸ್ತಾರೆ" ಎಂದು ಸುದ್ದಿ. ಅತ್ತಲಿನ ನಂಬರು ಕೊಟ್ಟಿರಲಿಲ್ಲ. ಇಪ್ಪತ್ತು ವರ್ಷ ರಾಗಿ ಹೊಲ, ಟೊಮೆಟೊ ತೋಟ ಎಂದು ಬಿಸಿಲಲ್ಲಿ ಅಲೆದ ಮನುಷ್ಯನಿಗೆ ಕಾಂಪೌಂಡು, ಗೇಟು, ಸೆಲ್ಯೂಟು ಹೊಡೆಯುವ ಕಾವಲುಗಾರ ಇರುವ ಜಾಗದಲ್ಲಿ ಕಾಯಿ ಹಿಡಿಯುವ ಯೋಗ. ವೆಂಕಟಲಕ್ಷ್ಮಿಯವರು ಬೀದಿಗೆಲ್ಲ ಹೇಳಿ ಆಗಿತ್ತು.

ಈಗ ಅದೇ ಬುಧವಾರ, ಫೋನು ಮೂಕ.

"ಷಡ್ಡಕನ ಫೋನೇ ಕೆಟ್ಟಿರ್ಬೇಕು" ಎಂದು ಪ್ರಹ್ಲಾದಯ್ಯ ತಮಗೆ ತಾವೇ ಸಮಾಧಾನ ಹೇಳಿಕೊಂಡರು. ಪರೀಕ್ಷೆಗೆಂದು ವೆಂಕಟಲಕ್ಷ್ಮಿ ಪಕ್ಕದ ಮನೆಯ ನಂದಕಿಶೋರ್‌ನ ಲ್ಯಾಂಡ್‌ಲೈನಿನಿಂದ ಫೋನು ಮಾಡಿದರು. ಇವರು ಜಗುಲಿಯಲ್ಲಿ ನಿಂತು, "ಹಲೋ, ಹಲೋ, ಕೇಳಿಸುತ್ತೇನೇ?" ಎಂದು ಕಿರುಚಿದರು.

"ಕಿಟಕಿಯಿಂದ ಕೇಳಿಸ್ತಿದೆ. ಫೋನಿಂದ ಕೇಳಿಸ್ತಿಲ್ಲ!" ಎಂದು ಹೆಂಡತಿ ಕಿಟಕಿಯಿಂದಲೇ ಉತ್ತರ ಕೊಟ್ಟರು.

ಹೆಂಡತಿಯ ಹಿಂದೆಯೇ ನಂದಕಿಶೋರ್ ಬಂದ. ಮುಳಬಾಗಿಲಿನ ವಕೀಲರೊಬ್ಬರ ಹತ್ತಿರ ಹದಿನೈದು ವರ್ಷದಿಂದ ಗುಮಾಸ್ತನಾಗಿದ್ದವನು. ವಕೀಲರು ಕೋರ್ಟಿನಲ್ಲಿ ಮಾತಾಡುತ್ತಿದ್ದರು, ಇವನು ಉಳಿದ ಎಲ್ಲ ಕಡೆ ಮಾತಾಡುತ್ತಿದ್ದ.

"ಪ್ರಹ್ಲಾದಣ್ಣ, ವಾರಂಟಿ ಇದೆ ತಾನೇ?"

"ಬಾಯಲ್ಲಿ ಹೇಳಿದ್ದ ಕಣೋ. ಬಿಲ್ಲು ಗಿಲ್ಲು ಏನೂ ಇಲ್ಲ. ಅದೂ ಹಳೇ ಸೆಟ್ಟು."

"ಹಳೇದಾದ್ರೇನು, ಹಕ್ಕು ಹಳೇದಾಗುತ್ತಾ? ಬಾಯಲ್ಲಿ ಹೇಳಿದ್ರೂ ವಾರಂಟಿನೇ. ಸಾಕ್ಷಿ ಒಂದಿದ್ರೆ ಸಾಕು, ಕೋಲಾರದ ಗ್ರಾಹಕರ ವೇದಿಕೆಗೆ ಎಳೆದು ನಿಲ್ಲಿಸ್ತೀನಿ."

"ವೇದಿಕೆ ಆಮೇಲೆ ನೋಡೋಣ. ಹನ್ನೊಂದು ಗಂಟೆಗೆ ಫೋನ್ ಬರುತ್ತೆ. ಯಾರದ್ದಾದ್ರೂ ಬೇರೆ ಸೆಟ್ಟಿಗೆ ಈ ಸಿಮ್ ಹಾಕಿಸ್ಕೊಂಡ್ರೆ ಆಗಲ್ವಾ?"

ಈ ಕತೆಯಲ್ಲಿ ಪ್ರಹ್ಲಾದಯ್ಯನವರು ಆಡಿದ ಬುದ್ಧಿವಂತಿಕೆಯ ಮಾತು ಇದೊಂದೇ. ನಂದಕಿಶೋರ್ ಬೆಂಕಿ ಮುಟ್ಟಿದವನ ಹಾಗೆ ಹಾರಿಬಿದ್ದ.

"ಸಿಮ್ ತೆಗೆದ್ರೆ ಕೆಟ್ಟೀರಿ! ಹಕ್ಕು ಬಿಟ್ಟುಕೊಟ್ಟ ಹಾಗಾಗುತ್ತೆ. ಕೆಟ್ಟ ಸ್ಥಿತಿಯಲ್ಲೇ ಒಯ್ದು ಮುಂದಿಡ್ಬೇಕು. ನಡೀರಿ, ನಾನೂ ಬರ್ತೀನಿ. ಇವತ್ತು ಕೋರ್ಟಲ್ಲಿ ಹೇಳಿಕೊಳ್ಳೋ ಅಂಥ ಕೇಸಿಲ್ಲ."

ಪ್ರಹ್ಲಾದಯ್ಯ ಹೆಗಲಿಗೆ ಬಟ್ಟೆ ಚೀಲ ಏರಿಸಿಕೊಂಡರು. ಅವರು ಎಲ್ಲಿಗೆ ಹೊರಟರೂ ಕಾಯಿ, ಕುಂಕುಮ, ಪಂಚಾಂಗ ಇರುವ ಆ ಚೀಲ ಹೆಗಲ ಮೇಲೆ ಇರಬೇಕು. ಮೊಬೈಲು ಬಂದ ಮೇಲೆ ಅದೂ ಅಲ್ಲೇ ಸೇರಿಕೊಂಡಿತ್ತು.

ಅಂಗಡಿ ತಲುಪಿದಾಗ ಹತ್ತೂವರೆ. ಮೆಟ್ಟಿಲ ಪಕ್ಕ ಗಂಗರತ್ನಮ್ಮ ಎಂದಿನಂತೆ ಬುಟ್ಟಿ ಇಟ್ಟುಕೊಂಡು ಕನಕಾಂಬರ ಕಟ್ಟುತ್ತಿದ್ದಳು. ಒಳಗೆ ಯಾರೋ ಹಳ್ಳಿಯವನೊಬ್ಬ ಚಾರ್ಜರು ನೋಡುತ್ತಿದ್ದ. ಇವರನ್ನು ಕಂಡು, "ನಮಸ್ಕಾರ ಸಾಮಿ" ಎಂದ. ಎಲ್ಲೋ ನೋಡಿದ ಮುಖ. ತಾಲ್ಲೂಕಿನಲ್ಲಿ ಇಂಥ ಎಷ್ಟೋ ಮುಖಗಳು ಪ್ರಹ್ಲಾದಯ್ಯನವರಿಗೆ ನಮಸ್ಕಾರ ಮಾಡುತ್ತಿದ್ದವು. ಇವರು ಕೈಯೆತ್ತಿ ಆಶೀರ್ವಾದ ಮಾಡಿ ಮುಂದೆ ಹೋದರು.

"ಆಯಿಯೇ ಸ್ವಾಮಿ, ಬನ್ನಿ ಬನ್ನಿ. ಸೆಟ್ಟು ಹೆಂಗಿದೆ?" ಎಂದ ಜಾನ್ ಪಾಷಾ.

"ಅದನ್ನ ಹೇಳೋಕ್ ಮುಂಚೆ," ನಂದಕಿಶೋರ್ ಮುಂದೆ ಬಂದ. "ಮೂರು ತಿಂಗಳು ವಾರಂಟಿ ಕೊಟ್ಟಿದ್ದು ನಿಜಾನಾ ಸುಳ್ಳಾ, ಅಷ್ಟು ಹೇಳಿ."

"ಕೊಟ್ಟಿದ್ದೀನಿ. ಇಲ್ಲ ಅಂದೋರು ಯಾರು?"

ನಂದಕಿಶೋರ್‌ನ ಮುಖ ಸಣ್ಣದಾಯಿತು. ಎದುರಾಳಿ ಮೊದಲ ಮಾತಿಗೇ ಒಪ್ಪಿಕೊಳ್ಳುವುದು ಅವನ ಅನುಭವದಲ್ಲೇ ಇರಲಿಲ್ಲ. ಆದರೂ ತಂದ ಉತ್ಸಾಹ ಹಾಳಾಗಬಾರದೆಂದು ಸಾಕ್ಷಿಯನ್ನು ಕರೆದ.

"ಗಂಗರತ್ನಮ್ಮ, ಇವರು ಮಾರುವಾಗ ಏನಂದ್ರು? ನೀವು ಕೇಳಿಸ್ಕೊಂಡಿದ್ದೀರಾ?"

"ಹೂ ಕಟ್ತಾ ಕೂತಿದ್ದೆ ಕಣಪ್ಪ, ಕಿವಿ ಏನ್ ಮುಚ್ಕೊಂಡಿರಲಿಲ್ಲ. ಏನೇ ಆದ್ರೂ ತಗೊಂಡ್ ಬನ್ನಿ ಅಂದ. ಆಗಲಿಲ್ಲಾಂದ್ರೆ ಬೇರೇದ್ ಕೊಡ್ತೀನಿ ಅಂದ. ಪಾಷಾ, ಅಂದ್ಯೋ ಇಲ್ವೋ?"

"ಅಂದೆ ಅಮ್ಮ, ಅಂದೆ. ಈಗ ಸೆಟ್ಟಿಗೆ ಏನಾಗಿದೆ ಅಂತ ಯಾರಾದ್ರೂ ಹೇಳ್ತೀರಾ?"

ಹೇಳಿದರು. ಲಕ್ಕೂರಿನ ಫೋನಿನ ಗಡುವನ್ನೂ ಸೇರಿಸಿ ಇಬ್ಬರೂ ಒಟ್ಟಿಗೆ ಹೇಳಿದ್ದರಿಂದ ಸ್ವಲ್ಪ ಹೊತ್ತು ಹಿಡಿಯಿತು. ಸದ್ದು ಕೇಳಿ ಪಕ್ಕದ ಬೇಕರಿಯ ಮುಂದೆ ನಿಂತಿದ್ದ ನಾಲ್ಕಾರು ಜನ ಟೀ ಲೋಟ ಹಿಡಿದುಕೊಂಡೇ ಇತ್ತ ಬಂದರು. ಜಾನ್ ಪಾಷಾ ಅಪ್ಪನ ಕಾಲದ ಕಪ್ಪು ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಸೆಟ್ಟಿನ ಸ್ಕ್ರೂ ಬಿಚ್ಚಿದ. ಒಳಗೆ ನೋಡಿದ. ಇನ್ನೂ ಬಗ್ಗಿ ನೋಡಿದ. ಆಮೇಲೆ ಮೆಲ್ಲಗೆ ತಲೆಯೆತ್ತಿದ.

"ಸ್ವಾಮಿ, ಇದರೊಳಗೆ ನೀರಿದೆ."



"ಏನಂದೆ ಭಾಯ್?" ಚಾರ್ಜರಿನವನು ಮುಂದೆ ಬಂದ. "ಸಾಮಿಗೆ ನೀರು ಸಿಕ್ತಾ?"

ಬೇಕರಿ ಕಡೆಯವರಲ್ಲಿ ಒಬ್ಬನಿಗೆ ಟೀ ನೆತ್ತಿಗೆ ಏರಿತು. ಪ್ರಹ್ಲಾದಯ್ಯ ಕೆಂಪಗಾದರು.

"ನೀರಾ? ಸಾಧ್ಯವೇ ಇಲ್ಲ! ನಾನು ಸ್ನಾನಕ್ಕೆ ಹೋಗುವಾಗ ಇದನ್ನ ದೇವರ ಗೂಡಿನಲ್ಲಿಟ್ಟು ಹೋಗ್ತೀನಿ. ಮಳೆ ಬಂದು ಎಷ್ಟು ದಿನ ಆಯ್ತು? ನೀರು ಎಲ್ಲಿಂದ ಬರುತ್ತಯ್ಯಾ?"

ಜಾನ್ ಪಾಷಾ ಬೆರಳ ತುದಿಯಿಂದ ಒಂದು ಹನಿ ಮುಟ್ಟಿ ನಾಲಿಗೆಗೆ ಇಟ್ಟುಕೊಂಡ. "ಸಿಹಿ ಇದೆ" ಎಂದ.

"ಸ್ವಾಮಿ, ಆ ಚೀಲ ಯಾಕೆ ಕೆಳಗಡೆ ಒದ್ದೆಯಾಗಿದೆ?" ಎಂದಳು ಗಂಗರತ್ನಮ್ಮ.

ಪ್ರಹ್ಲಾದಯ್ಯ ಚೀಲಕ್ಕೆ ಕೈಹಾಕಿ ಕಾಯಿಯನ್ನು ಹೊರಗೆ ತೆಗೆದರು. ನಿನ್ನೆ ಕ್ಯಾಲನೂರಿನಿಂದ ಬರುವಾಗ ಬಸ್ಸು ಹಂಪಿನ ಮೇಲೆ ಎಗರಿ ಚೀಲ ಸೀಟಿನ ಕಂಬಿಗೆ ಬಡಿದಿತ್ತು. ಕಾಯಿಯ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಸದ್ದೇ ಇಲ್ಲ. ಭೂಮಿಯೊಳಗಿನ ನೀರನ್ನು ತಾಲ್ಲೂಕಿಗೆಲ್ಲ ತೋರಿಸುವ ಮನುಷ್ಯನಿಗೆ ತನ್ನ ಕಾಯಿಯೊಳಗಿನ ನೀರು ರಾತ್ರಿ ಎಲ್ಲಿಗೆ ಹೋಯಿತೆಂದು ತಿಳಿದಿರಲಿಲ್ಲ.

"ನೀರು ಬಿದ್ರೆ ವಾರಂಟಿ ಇಲ್ಲ ಸ್ವಾಮಿ" ಎಂದ ಜಾನ್ ಪಾಷಾ. "ದೊಡ್ಡ ದೊಡ್ಡ ಶೋರೂಮಲ್ಲೂ ಇದೇ ರೂಲ್ಸು."

"ಅದನ್ನ ಮಾರುವಾಗ ಹೇಳಿದ್ರಾ?" ನಂದಕಿಶೋರ್‌ನಿಗೆ ಹೋದ ಜೀವ ಬಂತು. "ಏನೇ ಆದ್ರೂ ಅಂದ್ರಿ. ಇವರು ತೆಂಗಿನಕಾಯಿ ಹೊತ್ಕೊಂಡು ಓಡಾಡೋರು ಅಂತ ನಿಮಗೆ ಗೊತ್ತಿತ್ತಾ ಇಲ್ವಾ?"

"ಊರಿಗೇ ಗೊತ್ತು."

"ಗೊತ್ತಿದ್ದೂ, ಕಾಯಿ ಜೊತೆ ಇಡಬೇಡಿ ಅಂತ ಎಚ್ಚರಿಕೆ ಕೊಟ್ರಾ? ಇಲ್ಲ. ತಪ್ಪು ಯಾರದು?"

ಜನ ತಲೆದೂಗಿದರು. ಜನರ ತಲೆ ಅಲ್ಲಾಡಿದ್ದನ್ನು ಕಂಡು ಪ್ರಹ್ಲಾದಯ್ಯನವರಿಗೆ ಧೈರ್ಯ ಬಂತು. ಗಡಿಯಾರ ಹನ್ನೊಂದರ ಹತ್ತಿರ ಬಂದಿತ್ತು. ಅವರು ಹೆಗಲಿನ ಟವಲು ತೆಗೆದು ಕೊಡವಿ, ದನಿಯೆತ್ತಿದರು.

"ಪಾಷಾ, ಒಳಗೆ ಏನಿದೆ ಅಂತ ನನ್ನ ಕಣ್ಣಿಗೆ ಕಾಣುತ್ತೇನಪ್ಪಾ? ನೀನು ಹೇಳಿದೆ, ನಾನು ನಂಬಿದೆ. ಕಾಣದೇ ಇರೋದನ್ನ ಚೆನ್ನಾಗಿದೆ ಅಂತ ಹೇಳಿ ಕಾಸು ತಗೊಂಡೋನು ಅದಕ್ಕೆ ಜವಾಬ್ದಾರನಾಗಬೇಕು. ಇಲ್ದಿದ್ರೆ ಅದು ವ್ಯಾಪಾರ ಅಲ್ಲ, ಮೋಸ!"

ಯಾರೋ ಚಪ್ಪಾಳೆ ಹೊಡೆದರು.

"ಬಲೇ ಹೇಳಿದ್ರಿ ಸಾಮಿ" ಎಂದ ಚಾರ್ಜರಿನವನು. "ಇನ್ನೊಂದ್ ಸಲ ಹೇಳಿ."

ಪ್ರಹ್ಲಾದಯ್ಯ ಇನ್ನೊಂದು ಸಲ, ಇನ್ನೂ ಜೋರಾಗಿ ಹೇಳಿದರು. ಎರಡನೆಯ ಸಲ ಕೈಯನ್ನೂ ಎತ್ತಿದರು.

ಜಾನ್ ಪಾಷಾ ಜಗಳಗಂಟನಲ್ಲ. "ಆಯ್ತು ಸ್ವಾಮಿ, ನಾನು ಅಂದಿದ್ದು ರಿಪೇರಿ ಮೊದಲು, ಬದಲಿ ಆಮೇಲೆ. ರಿಪೇರಿ ನೋಡ್ತೀನಿ" ಎಂದು ಬ್ರಷ್ಷನ್ನು ಥಿನ್ನರಿನಲ್ಲಿ ಅದ್ದಿ ಒಳಗೆಲ್ಲ ಒರೆಸಿದ. ವಾಚಿನ ಕಾಲದ ಟೇಬಲ್ ಲ್ಯಾಂಪಿನ ಬಲ್ಬಿನ ಕೆಳಗೆ ಕಾಯಿಸಿದ. ಎಲ್ಲ ಜೋಡಿಸಿ ಆನ್ ಮಾಡಿದ ಎರಡೇ ನಿಮಿಷಕ್ಕೆ, ಹನ್ನೊಂದು ಮೂವತ್ತೈದಕ್ಕೆ, ಸೆಟ್ಟು ಬಡಿದುಕೊಂಡಿತು.

ಪ್ರಹ್ಲಾದಯ್ಯ ಎರಡೂ ಕೈಯಲ್ಲಿ ಹಿಡಿದುಕೊಂಡರು. "ಹಲೋ! ಪ್ರಹ್ಲಾದಯ್ಯ ಮಾತಾಡ್ತಿರೋದು!"

"ಹಲೋ, ಪ್ರಹ್ಲಾದಯ್ಯನೋರಾ? ನಾನು ಲಕ್ಕೂರು ಫ್ಯಾಕ್ಟರಿ ವಂಶಿಕೃಷ್ಣ." ಅಂಗಡಿಗೆಲ್ಲ ಕೇಳಿಸಿತು.

"ಹೇಳಿ ಸರ್, ನಾನೇ, ನಾನೇ!"

"ಹಲೋ? ಹಲೋ? ಏನೂ ಕೇಳಿಸ್ತಿಲ್ಲ ಸರ್" ಎಂದು ಆತ ಪಕ್ಕದಲ್ಲಿದ್ದ ಸಾಹೇಬರಿಗೆ ಹೇಳುವುದೂ ಕೇಳಿಸಿತು. "ಸಿಗ್ನಲ್ ತೊಂದ್ರೆ ಇರ್ಬೇಕು. ಇರಿ, ನೋಡೋಣ..."

"ಸರ್! ಸರ್! ಇಲ್ಲೇ ಇದ್ದೀನಿ ಸರ್!" ಪ್ರಹ್ಲಾದಯ್ಯ ಫೋನಿನ ಬುಡಕ್ಕೆ ಬಾಯಿ ಹಚ್ಚಿ ಕೂಗಿದರು. ಅತ್ತ ಮಾತು ನಿಂತಿತು. ಸೆಟ್ಟಿನ ಬೆಳಕೂ ಆರಿತು. ಆರು ಪಾಯಿಂಟು, ಗೇಟು, ಸೆಲ್ಯೂಟು ಎಲ್ಲ ಕಣ್ಣೆದುರೇ ಕರಗಿದಂತಾಗಿ ಅವರು ಸ್ಟೂಲಿನ ಮೇಲೆ ಕುಸಿದರು.

ಜಾನ್ ಪಾಷಾ ಅವರ ಕೈಯಿಂದ ಸೆಟ್ಟು ತೆಗೆದು ಮತ್ತೆ ಬಲ್ಬಿನ ಕೆಳಗಿಟ್ಟ. ಅವನಿಗೂ ಕನಿಕರ ಬಂದಿತ್ತು.

"ಹೋಗ್ಲಿ ಬಿಡಿ ಸ್ವಾಮಿ, ಇದರ ಮೈಕು ಸತ್ತಿದೆ. ನಾನು ಕೊಟ್ಟ ಮಾತು ಮಾತೇ. ಬೇರೆ ಸೆಟ್ಟು ತಗೊಳ್ಳಿ, ಅವರು ಹನ್ನೆರಡರ ತನಕ ಟೈಮ್ ಕೊಟ್ಟಿದ್ದಾರಲ್ಲ, ಮತ್ತೆ ಮಾಡೇ ಮಾಡ್ತಾರೆ" ಎಂದು ಗಾಜಿನ ಪೆಟ್ಟಿಗೆಯಿಂದ ಬೆಳ್ಳಿ ಬಣ್ಣದ ಒಂದು ಸೆಟ್ಟನ್ನು ತೆಗೆದು ಕೌಂಟರಿನ ಮೇಲಿಟ್ಟ. ಇವರದಕ್ಕಿಂತ ಹೊಸದು. ಪ್ರಹ್ಲಾದಯ್ಯನವರಿಗೆ ಅವನನ್ನು ತಬ್ಬಿಕೊಳ್ಳಬೇಕೆನಿಸಿತು. ಸೆಟ್ಟಿಗೆ ಕೈಚಾಚಿದರು.

ಆ ಕೈಯ ಮೇಲೆ ಇನ್ನೊಂದು ಕೈ ಬಿತ್ತು. ಚಾರ್ಜರಿನವನದು.

"ಸಾಮಿ, ಒಂದ್ ನಿಮಿಷ. ನನ್ನ ಗುರ್ತು ಸಿಗಲಿಲ್ವಾ? ಬೈರಕೂರು ಕದಿರೇಶ. ಮಾವಿನ ತೋಪಿನ ಪಕ್ಕ, ಬಂಡಿದಾರಿ ಅಂಚಲ್ಲಿ ಕಾಯಿ ನಿಂತ್ಕೊಳ್ತು. ಗಂಗಮ್ಮ ಉಕ್ತಾಳೆ, ಮೋಟ್ರು ತಂದಿಟ್ಕೋ ಅಂದ್ರಿ."

"ಹೂಂ... ಹೂಂ... ಏನಾಯ್ತಪ್ಪ?"

"ಎಂಟುನೂರು ಅಡಿ ಕೊರೆಸಿದೆ ಸಾಮಿ. ಬರೀ ಧೂಳು. ನನ್ನ ಹೆಂಡ್ತಿ ಒಣಗಾಕಿದ್ದ ಸೀರೆಗಳೆಲ್ಲ ಒಂದೇ ಬಣ್ಣ ಆದ್ವು. ಮೋಟ್ರು ಇನ್ನೂ ಹೊಸ್ತಿಲಲ್ಲಿ ಕೂತದೆ, ನೆಂಟ ಬಂದಂಗೆ."

"ಅದು ನಿನ್ನ ಹಣೆಬರಹ ಕಣಯ್ಯ, ಅದಕ್ಕೆ ನಾನೇನ್ ಮಾಡ್ಲಿ?"

"ಹಣೆಬರಹನಾ?" ಕದಿರೇಶ ಜನರ ಕಡೆ ತಿರುಗಿದ. "ಸಾಮಿ, ಒಳಗೆ ಏನಿದೆ ಅಂತ ನನ್ನ ಕಣ್ಣಿಗೆ ಕಾಣುತ್ತಾ? ನೀವು ಹೇಳಿದ್ರಿ, ನಾನು ನಂಬಿದೆ. ಕಾಣದೇ ಇರೋದನ್ನ ಐತೆ ಅಂತ ಹೇಳಿ ಕಾಸು ತಗೊಂಡೋನು ಜವಾಬ್ದಾರನಾಗ್ಬೇಕು ಅಂತ ಈಗ್ಲೇ ಎರಡು ಸಲ ಹೇಳಿದ್ರಲ್ಲ! ನಂದಿನ್ನೂ ಮೂರು ತಿಂಗಳಾಗಿಲ್ಲ. ನನಗೂ ಬದಲಿ ಕೊಡಿ. ಒಂದು ನೀರಿರೋ ತೂತು."

ಜನ ಮತ್ತೆ ತಲೆದೂಗಿದರು. ಅವೇ ತಲೆಗಳು.

"ನಮ್ಮಕ್ಕನ ಹೊಲದಲ್ಲೂ ಹಿಂಗೇ ಆಯ್ತಲ್ಲ ಸ್ವಾಮಿ" ಎಂದು ಗಂಗರತ್ನಮ್ಮ ಹೂವನ್ನು ಬುಟ್ಟಿಗೆ ಹಾಕಿ ಎದ್ದು ನಿಂತಳು. "ಹಣೆಬರಹ ಅಂತ ನಾವು ಬಾಯ್ಮುಚ್ಕೊಂಡಿದ್ವಿ. ಇದಕ್ಕೂ ವಾರಂಟಿ ಉಂಟು ಅಂತ ಯಾರಿಗ್ ಗೊತ್ತಿತ್ತು?"

ಪ್ರಹ್ಲಾದಯ್ಯ ದಿಗ್ಭ್ರಮೆಯಿಂದ ನಂದಕಿಶೋರ್‌ನ ಕಡೆ ನೋಡಿದರು. ಅವನು ಗಡ್ಡ ಕೆರೆದುಕೊಳ್ಳುತ್ತಿದ್ದ.

"ಪ್ರಹ್ಲಾದಣ್ಣ, ಕಾನೂನು ಪ್ರಕಾರ ನೋಡಿದ್ರೆ ಇವರದ್ದು ನಿಮ್ಮ ಕೇಸಿಗಿಂತ ಗಟ್ಟಿ ಇದೆ."

"ಲೋ, ನೀನು ನನ್ನ ಕಡೆ ಬಂದೋನಲ್ವೇನೋ!"

"ನಾನು ಹಕ್ಕಿನ ಕಡೆ ಅಣ್ಣ."

ಗೋಡೆಯ ಗಡಿಯಾರ ಹನ್ನೆರಡಕ್ಕೆ ಕಾಲು ಗಂಟೆ ತೋರಿಸುತ್ತಿತ್ತು. ಬೆಳ್ಳಿ ಸೆಟ್ಟು ಒಂದು ಗೇಣು ದೂರದಲ್ಲಿತ್ತು. ಅದಕ್ಕೆ ಸಿಮ್ ಹಾಕಬೇಕು, ಲಕ್ಕೂರಿನ ಫೋನು ಮತ್ತೆ ಬರಬೇಕು. ಆದರೆ ಕದಿರೇಶ ಕೈ ಬಿಡುತ್ತಿಲ್ಲ, ಜನ ದಾರಿ ಬಿಡುತ್ತಿಲ್ಲ. ಇಪ್ಪತ್ತು ವರ್ಷದಲ್ಲಿ ಕುಂಕುಮ ಹಚ್ಚಿದ ಕಲ್ಲುಗಳೆಲ್ಲ ಒಂದೊಂದಾಗಿ ಎದ್ದು ಅಂಗಡಿಗೆ ಬರುತ್ತಿರುವಂತೆ ಅವರಿಗೆ ಕಂಡಿತು. ಒಬ್ಬನಿಗೆ ಬದಲಿ ಎಂದು ಒಪ್ಪಿಕೊಂಡರೆ ತಾಲ್ಲೂಕಿಗೆಲ್ಲ ಒಪ್ಪಿಕೊಂಡ ಹಾಗೆ. ಇದರಿಂದ ಪಾರಾಗಲು ದಾರಿ ಒಂದೇ. ತಾವು ವಾರಂಟಿ ಕೊಡುವಂಥದ್ದನ್ನು ಏನನ್ನೂ ಮಾರಿಲ್ಲವೆಂದು ಹೇಳಿಬಿಡುವುದು. ಗಾಬರಿಯಲ್ಲಿ ಅವರು ಅದನ್ನು ಹೇಳಿಯೇಬಿಟ್ಟರು.

"ಅಯ್ಯೋ, ಅದು ಕಾಯಿ ತಾನಾಗಿ ಏಳಲ್ಲ ಕಣಯ್ಯಾ! ಹೆಬ್ಬೆರಳಲ್ಲಿ ನಾನೇ ಎಬ್ಬಿಸ್ತೀನಿ!"

ಕದಿರೇಶನ ಕೈ ಸಡಿಲವಾಯಿತು.

"ಏನಂದ್ರಿ?"

"ಹೂಂ ಕಣಪ್ಪ. ಕೆಳಗೆ ನೀರಿದೆಯೋ ಇಲ್ವೋ ನನಗೇನ್ ಗೊತ್ತು? ನಾನೇನು ಭೂಮಿ ಒಳಗೆ ಇಣುಕಿ ನೋಡಿದ್ದೀನಾ?"

"ಮತ್ತೆ ಆ ಜಾಗಾನೇ ಯಾಕ್ ತೋರಿಸಿದ್ರಿ ಸಾಮಿ?"

"ಬೋರ್ ಲಾರಿ ತಿರುಗೋಕೆ ಜಾಗ ಇರೋ ಕಡೆ ಎಬ್ಬಿಸ್ತೀನಿ! ಲಾರಿ ಬಂದು ನಿಲ್ಲೋಕೆ ಆಗದಿರೋ ಕಡೆ ಎಬ್ಬಿಸಿದ್ರೆ ಯಾರಿಗ್ ಪ್ರಯೋಜನ? ನಾನು ನೀರು ಮಾರಿಲ್ಲ, ನೀರಿದೆ ಅಂತ ವಾರಂಟಿನೂ ಕೊಟ್ಟಿಲ್ಲ. ನನ್ನ ಕೈ ಬಿಡು, ಲಕ್ಕೂರಿನೋರು ಫೋನ್ ಮಾಡೋ ಹೊತ್ತು!"

ಗಂಗರತ್ನಮ್ಮ ಕೆನ್ನೆಗೆ ಕೈಯಿಟ್ಟುಕೊಂಡಳು. ಬೇಕರಿಯವರ ಟೀ ಆರಿತು. ಆಗ, ಬಲ್ಬಿನ ಕೆಳಗೆ ಇಷ್ಟು ಹೊತ್ತು ಬೆಚ್ಚಗೆ ಮಲಗಿದ್ದ ಹಳೇ ಸೆಟ್ಟು ಗಂಟಲು ಸರಿಮಾಡಿಕೊಂಡಿತು.

"ಪ್ರಹ್ಲಾದಯ್ಯನೋರೇ," ವಂಶಿಕೃಷ್ಣನ ದನಿ ಅಂಗಡಿ ದಾಟಿ ಬೇಕರಿಯವರೆಗೆ ಹೋಯಿತು, "ಈಗ ಚೆನ್ನಾಗಿ ಕೇಳಿಸ್ತಾ ಇದೆ."

ಫೋನು ಕಟ್ಟಾಗಿಯೇ ಇರಲಿಲ್ಲ. ಆರಿದ್ದು ಸೆಟ್ಟಿನ ಬೆಳಕು ಮಾತ್ರ.

"ಮೊದಮೊದಲು ಏನೂ ಇರಲಿಲ್ಲ" ಎಂದು ಆತ ಸಾವಧಾನವಾಗಿ ಮುಂದುವರಿಸಿದ. "ಇಡೋಣ ಅಂತಿದ್ದೆ. ಅಷ್ಟೊತ್ತಿಗೆ ಯಾರದೋ ಹೆಂಡ್ತಿ ಸೀರೆ ವಿಷಯ ಬಂತು. ಸಾಹೇಬ್ರು, ಇರಲಿ, ಇಡಬೇಡ ಅಂದ್ರು. ಸ್ಪೀಕರ್ ಹಾಕ್ಕೊಂಡು ಇಬ್ಬರೂ ಕೇಳಿದ್ವಿ. ನಮ್ಮ ಫ್ಯಾಕ್ಟರಿಲಿ ಲಾರಿ ತಿರುಗೋ ಜಾಗ ಎಲ್ಲಿದೆ ಅಂತ ನಮಗೇ ಗೊತ್ತು ಸ್ವಾಮಿ. ನೀವು ತೊಂದ್ರೆ ತಗೋಬೇಡಿ."

ಫೋನು ಕಟ್ಟಾಯಿತು. ಈ ಸಲ ನಿಜವಾಗಿಯೂ.

ಮೊದಲು ಅಲ್ಲಾಡಿದವನು ಜಾನ್ ಪಾಷಾ. ಅವನು ಹಳೇ ಸೆಟ್ಟನ್ನು ತೆಗೆದುಕೊಂಡು ಕೌಂಟರಿನ ಮೇಲಿದ್ದ ತನ್ನ ಅಂಗಡಿಯ ಫೋನಿಗೆ ಒಂದು ಕರೆ ಮಾಡಿ, "ಹಲೋ, ಹಲೋ" ಎಂದು ನೋಡಿದ. ಗಂಟೆ ಬಾರಿಸಿದಂತೆ ಕೇಳಿಸಿತು. ಬೆಳ್ಳಿ ಸೆಟ್ಟನ್ನು ಒರೆಸಿ, ಗಾಜಿನ ಪೆಟ್ಟಿಗೆಯೊಳಗೆ ಮೊದಲಿದ್ದ ಜಾಗದಲ್ಲೇ ಇಟ್ಟ.

"ಮೈಕು ಫಸ್ಟ್ ಕ್ಲಾಸ್ ಆಗಿದೆ ಸ್ವಾಮಿ" ಎಂದು ಹಳೆಯದನ್ನು ಅವರ ಅಂಗೈ ಮೇಲಿಟ್ಟ. "ರಿಪೇರಿ ಆದ್ಮೇಲೆ ಬದಲಿ ಇಲ್ಲ. ಕಾಯಿ ಜೊತೆ ಇಡಬೇಡಿ. ಇದೋ, ಈಗ ಹೇಳಿದ್ದೀನಿ. ವಕೀಲ್ ಸಾಬ್, ನೀವೇ ಸಾಕ್ಷಿ."

ನಂದಕಿಶೋರ್ ತಲೆಯಾಡಿಸಿದ. ಅವನು ಆಗಲೇ ಕದಿರೇಶನಿಗೆ ಕಾಗದದ ಮೇಲೆ ಏನನ್ನೋ ಬರೆದು ತೋರಿಸುತ್ತಿದ್ದ. ಗಂಗರತ್ನಮ್ಮ ಪಕ್ಕದಲ್ಲಿ ನಿಂತು ತನ್ನ ಅಕ್ಕನ ಹೆಸರನ್ನೂ ಸೇರಿಸುವಂತೆ ಹೇಳುತ್ತಿದ್ದಳು.

ಪ್ರಹ್ಲಾದಯ್ಯ ಬಿರುಕುಬಿಟ್ಟ ಕಾಯಿಯನ್ನು ಚೀಲಕ್ಕೆ ಹಾಕಿಕೊಂಡು ಮೆಟ್ಟಿಲಿಳಿದರು. ಬಿಸಿಲು ಸುಡುತ್ತಿತ್ತು. ಬೀದಿಯ ತಿರುವಿಗೆ ಬರುವಷ್ಟರಲ್ಲಿ ಕೈಯಲ್ಲಿದ್ದ ಸೆಟ್ಟು ಬಡಿದುಕೊಂಡಿತು. ನಂದಕಿಶೋರ್‌ನ ಮನೆಯ ನಂಬರು. ಅವನ ಹೆಂಡತಿಯ ಪಕ್ಕ ನಿಂತು ವೆಂಕಟಲಕ್ಷ್ಮಿ ಮಾಡುತ್ತಿರಬೇಕು.

"ಏನ್ರೀ, ಹಲೋ! ಲಕ್ಕೂರಿನೋರು ಮಾಡಿದ್ರಾ? ಫೋನ್ ಸರಿಹೋಯ್ತಾ?"

ಪ್ರಹ್ಲಾದಯ್ಯ ಬಾಯಿ ತೆರೆದರು. ಏನು ಹೇಳುವುದು, ಎಲ್ಲಿಂದ ಶುರು ಮಾಡುವುದು? ಮೈಕು ಸರಿಯಾಗಿತ್ತು, ಅವರ ಗಂಟಲಿನಿಂದ ಮಾತ್ರ ಒಂದಕ್ಷರವೂ ಹೊರಡಲಿಲ್ಲ.

"ಹಲೋ... ಹಲೋ... ಏನೂ ಕೇಳಿಸ್ತಿಲ್ಲ ಕಣ್ರೀ" ಎಂದು ಹೆಂಡತಿ ಅತ್ತ ಪಕ್ಕದವಳಿಗೆ ಹೇಳುವುದು ಬೀದಿಗೆಲ್ಲ ಕೇಳಿಸಿತು. "ಇನ್ನೂ ರಿಪೇರಿ ಆಗಿಲ್ಲ ಅಂತ ಕಾಣುತ್ತೆ. ಪಾಪ, ನಮ್ಮೋರು ಇದುವರೆಗೆ ಒಬ್ಬರಿಗೆ ಒಂದು ಸುಳ್ಳು ಹೇಳಿದವರಲ್ಲ. ಅಂಥೋರಿಗೇ ಹಿಂಗೆ ಮೋಸ ಮಾಡ್ತಾರಲ್ಲ ಜನ!"